ಚಂದ್ರನನ್ನು ಕದ್ದ ಗಣಿತದ ಮೇಷ್ಟ್ರು

"ಕದಿಯೋದಕ್ಕೂ ಒಂದು ಮಿತಿ ಬೇಡ್ವಾ, ಸರ್?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಗಣಿತದ ಮೇಷ್ಟ್ರನ್ನು ದಬಾಯಿಸಿಬಿಟ್ಟೆ.

ಮತ್ತೇನು ಮಾಡಲಿ? ಪಾಠ, ಚಿತ್ರ ಸಿಗುವ ಶಿಕ್ಷಕರ ಪೋರ್ಟಲ್‌ಗೆ ನಮ್ಮ ಶಾಲೆಗೆಲ್ಲ ಒಂದೇ ಲಾಗಿನ್. ಯಾರು ಏನು ಹುಡುಕಿದರೂ ಆಮೇಲೆ ಕೂತವರಿಗೆ ಕಾಣುತ್ತದೆ. ವಿಜ್ಞಾನದ ಪಾಠಕ್ಕೆಂದು ನಾನು ಚಂದ್ರನ ಚಿತ್ರಗಳನ್ನು ಆರಿಸಿಟ್ಟರೆ, ಮರುದಿನ ಬೆಳಿಗ್ಗೆಯೇ ಅವು ಇವರ ಕ್ಲಾಸಿನ ಗೋಡೆಯ ಮೇಲೆ! ಮಕ್ಕಳು, "ಮಿಸ್, ಇದನ್ನ ಸರ್ ಆಗ್ಲೇ ತೋರಿಸಿದ್ರು" ಎಂದಾಗ ಮೈಯೆಲ್ಲ ಉರಿಯಿತು.

ಅವರು ತಲೆ ತಗ್ಗಿಸಿ ಪುಸ್ತಕ ಜೋಡಿಸತೊಡಗಿದರು. ಕಿವಿ ಮಾತ್ರ ಕೆಂಪಾಯಿತು. ಅದೇಕೋ ನನ್ನ ಕಣ್ಣು ಆ ಕಿವಿಗಳ ಮೇಲೆಯೇ ನಿಂತುಬಿಟ್ಟಿತು.

ರಜೆ ಹಾಕಿದವರ ಜಾಗಕ್ಕೆ ಬಂದವರು ಅವರು. ಮುಂದಿನ ವರ್ಷವೂ ಇರುತ್ತೀರಾ ಎಂದು ಹೆಡ್‌ಮಿಸ್ ಕೇಳಿದ್ದರು. ಅವತ್ತು ಸಂಜೆಯೊಳಗೆ ಅವರು ಹೇಳಬೇಕಿತ್ತು.

"ಇರಲ್ಲ ಅಂತ ಕಾಣುತ್ತೆ ಕಣೇ. ನಿನ್ನ ಬಾಯಿಗೆ ಹೆದರಿ ಓಡ್ತಿದಾನೆ" ಎಂದು ಡ್ರಾಯಿಂಗ್ ಟೀಚರ್ ನಕ್ಕರು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಕಂಪ್ಯೂಟರ್ ರೂಮಿನಲ್ಲಿ ಪೋರ್ಟಲ್ ತೆರೆದೆ. ಕಿಟಕಿಯ ಬಿಸಿಲು ಕೀಬೋರ್ಡಿನ ಮೇಲೆ ಸೋಮಾರಿಯಾಗಿ ಮಲಗಿತ್ತು. ಸರ್ಚ್ ಬಾಕ್ಸ್ ಮುಟ್ಟಿದ್ದೇ ತಡ, ಮೇಷ್ಟ್ರು ಹುಡುಕಿದ್ದೆಲ್ಲ ಪಟ್ಟಿಯಾಗಿ ಕೆಳಗಿಳಿಯಿತು.

'ವೃತ್ತದ ಪಾಠಕ್ಕೆ ಚಂದ್ರ.' 'ಎಲೆಗಳಲ್ಲಿ ಸಮ್ಮಿತಿ.' 'ವಿಜ್ಞಾನದ ಮಿಸ್ ಸಿಟ್ಟು ಇಳಿಸುವುದು ಹೇಗೆ.'

ಕೊನೆಯದನ್ನು ಒತ್ತಿದೆ. 'ಕ್ಷಮಿಸಿ, ಈ ವಿಷಯಕ್ಕೆ ಪಾಠ ಲಭ್ಯವಿಲ್ಲ. ಬೇರೆ ತರಗತಿ ಆಯ್ಕೆ ಮಾಡಿ' ಎಂದಿತು ಪೋರ್ಟಲ್. ಬಿದ್ದು ಬಿದ್ದು ನಕ್ಕೆ. ನಗುತ್ತಲೇ ಕಣ್ಣು ತುಂಬಿತು.

"ಅಯ್ಯೋ, ಅದನ್ನ ಅಳಿಸೋಕೇ ಮರೆತೆ!" ಬಾಗಿಲಲ್ಲಿ ಅವರು.

"ಇಂಥದ್ದೆಲ್ಲ ಇಲ್ಲಿ ಸಿಗುತ್ತೇನ್ರೀ?"

"ನೀವು ಎಲ್ಲಾನೂ ಇಲ್ಲೇ ಹುಡುಕ್ತೀರಲ್ಲ, ಅದಕ್ಕೆ ನೋಡಿದೆ."

"ನನ್ನ ಚಂದ್ರನ್ನ ಯಾಕೆ ಕದ್ರಿ?"

"ಕದೀಲಿಲ್ಲ. ನಿಮ್ಮ ಪಾಠದ ಪಕ್ಕದಲ್ಲೇ ನನ್ನ ಪಾಠಾನೂ ಇರ್ಲಿ ಅಂತ..." ಅವರ ದನಿ ತಗ್ಗಿತು. "ನೀವು ಚಂದ್ರ ಅಂದ್ರೆ ನಾನು ವೃತ್ತ. ನೀವು ಎಲೆ ಅಂದ್ರೆ ನಾನು ಸಮ್ಮಿತಿ. ಗೋಡೆಯಾಚೆ ನಿಮ್ಮ ದನಿ ಕೇಳ್ತಿರುತ್ತೆ. ಇಡೀ ದಿನ ನಿಮ್ಮ ಜೊತೆಗೇ ಇದ್ದ ಹಾಗಿರುತ್ತೆ."

ಆ ಕೊನೆಯ ಹುಡುಕಾಟವನ್ನು ನಾನೇ ಅಳಿಸಿದೆ. ಸಿಟ್ಟು ಆಗಲೇ ಇಳಿದಿತ್ತು.

"ಹೋಗ್ಲಾ, ಇರ್ಲಾ? ನೀವೇ ಹೇಳಿ" ಎಂದರು.

ಕಾರಿಡಾರಿನಲ್ಲಿ ಹೆಡ್‌ಮಿಸ್ ಬರುತ್ತಿದ್ದರು. ಎದ್ದು ಹೋಗಿ ಅಡ್ಡ ನಿಂತೆ.

"ಮೇಡಂ, ಸರ್ ಇಲ್ಲೇ ಇರ್ತಾರೆ."

"ಅವರ ಪರವಾಗಿ ನೀನ್ಯಾಕಮ್ಮ ಹೇಳ್ತಿದೀಯ?"

"ಇನ್ಮೇಲೆ ನಾನೇ ಹೇಳೋದು, ಮೇಡಂ."

ಹಿಂದೆ ನಿಂತಿದ್ದವರ ಬೆರಳು ಮೆಲ್ಲಗೆ ನನ್ನ ಬೆರಳಿಗೆ ತಾಕಿತು. ನಾನು ಹಿಡಿದುಕೊಂಡೆ.