ಗುಲಾಬಿ ಎಣ್ಣೆಯ ಸೀಸೆ

ದೊಡ್ಡಕ್ಕನ ಕತೆ ಮುಗಿಸಲೇಬೇಕೆಂದು ಸಾಬೂನು ಕಾರ್ಖಾನೆಯ ಮ್ಯಾನೇಜರ್ ಹಲ್ಲು ಕಚ್ಚಿ ನಿರ್ಧರಿಸಿದ. ಕೊಲೆಯೇನಲ್ಲ, ಕೆಲಸದಿಂದ ಕಿತ್ತುಹಾಕುವುದು ಅಷ್ಟೇ. ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಆ ಪ್ಯಾಕಿಂಗ್ ಹೆಂಗಸು, ಹಿಂಬಾಗಿಲಿಗೆ ಬೀಗ ಜಡಿದಿದ್ದಾರೆ, ಬೆಂಕಿ ಬಿದ್ದರೆ ಒಳಗೇ ಬೇಯುತ್ತೇವೆ ಎಂದು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಳು. ಮಾಲೀಕರು ಎಲ್ಲರೆದುರು ಇವನ ನೀರಿಳಿಸಿದ್ದರು.

ಆದರೆ ಕಾನೂನು ಅಡ್ಡಗಾಲು. ದೂರು ಕೊಟ್ಟವರನ್ನು ತೆಗೆಯಬೇಕಾದರೆ, ಕಾರಣ ಬೇರೆಯೇ ಎಂದು ಇಲಾಖೆಯ ಅಧಿಕಾರಿಯೆದುರು ಕಂಪನಿಯೇ ಸಾಬೀತು ಮಾಡಬೇಕು. ಸರಿ, ಕಾರಣ ತಾನೇ ಬೇಕು? ಕಳ್ಳತನಕ್ಕಿಂತ ಒಳ್ಳೆಯದು ಯಾವುದಿದೆ!

ಅವರು ಮಾಡುತ್ತಿದ್ದದ್ದು ನಿಂಬೆ ಸಾಬೂನು. ಹೊಸ ಸಾಬೂನಿಗೆಂದು ತರಿಸಿದ ಗುಲಾಬಿ ಎಣ್ಣೆಯ ಪುಟ್ಟ ಸೀಸೆ ಉಗ್ರಾಣದಲ್ಲೇ ದುಬಾರಿ ಮಾಲು. ಊಟದ ಹೊತ್ತಿನಲ್ಲಿ ಮ್ಯಾನೇಜರ್ ಕೈಗವಸು ತೊಟ್ಟು ಅದನ್ನೆತ್ತಿದ, ಬಿರಡೆ ಗಟ್ಟಿಯಿದೆಯೇ ಎಂದು ತಿರುಗಿಸಿ ನೋಡಿದ, ದೊಡ್ಡಕ್ಕನ ಚೀಲದ ತಳಕ್ಕೆ ತಳ್ಳಿದ. ಕೈಗವಸನ್ನು ಕಸಕ್ಕೆ ಹಾಕಿದರೆ ಯಾರಿಗಾದರೂ ಸಿಕ್ಕೀತೆಂದು ಕೋಟಿನ ಒಳಜೇಬಿಗೆ ಸೇರಿಸಿದ. ಬೆರಳಚ್ಚಿಲ್ಲ, ಸಾಕ್ಷಿಯಿಲ್ಲ. ಭೇಷ್!

ಸಂಜೆ ಗೇಟಿನಲ್ಲಿ ಕಾವಲುಗಾರ ಚೀಲ ತಡಕಿದಾಗ ಸೀಸೆ ಸಿಕ್ಕಿತು. ದೊಡ್ಡಕ್ಕ ಕಕ್ಕಾಬಿಕ್ಕಿಯಾದಳು.

"ನನ್ನ ಮಕ್ಕಳಾಣೆಗೂ ನಾನಲ್ಲ ಸಾರ್! ಕಳ್ಳಿ ಅನ್ನಿಸ್ಕೊಂಡ್ರೆ ಇನ್ಯಾರು ಕೆಲಸ ಕೊಡ್ತಾರೆ?"

"ನಂಗೂ ಬೇಜಾರೇ ಕಣಮ್ಮ," ಎಂದು ಮ್ಯಾನೇಜರ್ ನಿಟ್ಟುಸಿರಿಟ್ಟ. ಒಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ಮನೆಯಲ್ಲಿ ಹೆಂಡತಿ ದಡಬಡ ಕಿಟಕಿ ತೆರೆದಳು. "ಏನ್ರೀ, ಇವತ್ತು ಯಾರನ್ನ ತಬ್ಕೊಂಡು ಬಂದ್ರಿ?"

ಸಾಬೂನಿನವನನ್ನು ಕಟ್ಟಿಕೊಂಡವಳ ನಿತ್ಯದ ರಾಗ! ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮರುದಿನ ಕಾರ್ಖಾನೆಯ ಆಫೀಸಿನಲ್ಲೇ ವಿಚಾರಣೆ. ಅದೇ ಕೋಟು ತೊಟ್ಟು ಠೀವಿಯಿಂದ ಕೂತ. ಇಲಾಖೆಯಿಂದ ಬಂದ ಅಧಿಕಾರಿ ಹೆಂಗಸು ಕೇಳಿದರು: "ಆ ಸೀಸೆ ನೀವು ಮುಟ್ಟಿದ್ರಾ?"

"ಛೆ ಛೆ! ಉಗ್ರಾಣದ ಕಡೆ ತಲೇನೂ ಹಾಕಿಲ್ಲ ಮೇಡಂ. ಸಿಕ್ಕಿದ ತಕ್ಷಣ ಕಾವಲುಗಾರನೇ ಡಬ್ಬಿಗೆ ಹಾಕಿ ಸೀಲ್ ಮಾಡಿದ."

ಅಧಿಕಾರಿ ಕುರ್ಚಿ ಹಿಂದಕ್ಕೆಳೆದುಕೊಂಡು ಮೂಗಿಗೆ ಕರವಸ್ತ್ರ ಒತ್ತಿದರು. "ಮತ್ತೆ ನಿಮ್ಮ ಕೋಟು ಯಾಕ್ರೀ ಗುಲಾಬಿ ತೋಟದ ಹಾಗೆ ಘಮ್ ಅಂತಿದೆ? ಜೇಬಲ್ಲಿರೋದು ತೆಗೀರಿ ನೋಡೋಣ." ಮ್ಯಾನೇಜರ್ ಗಾಬರಿಯಿಂದ ಕೋಟು ಮೂಸಿದ. ಏನೂ ಇಲ್ಲ! ಕಾವಲುಗಾರ ಬಗ್ಗಿ ಮೂಸಿದ, ದೊಡ್ಡಕ್ಕನೂ ಮೂಸಿದಳು. ಅವರಿಗೂ ಏನೂ ಇಲ್ಲ. ವರ್ಷಗಟ್ಟಲೆ ಸೆಂಟಿನ ನಡುವೆ ದುಡಿದು ಆ ಕಾರ್ಖಾನೆಯಲ್ಲಿ ಎಲ್ಲರ ಮೂಗೂ ಸತ್ತುಹೋಗಿತ್ತು. ಕೋಣೆಯಲ್ಲಿ ಜೀವವಿದ್ದ ಮೂಗು ಒಂದೇ, ಕಾನೂನು ಕಳಿಸಿದ್ದು.