ಕರಗಿಹೋದ ಸೌಟು

ಮುರಿದ ಚಕ್ರದ ತುಂಡನ್ನು ವ್ಯಾನು ಚಾಲಕನ ಹೆಂಡತಿ ಠಾಣೆಯ ಮೇಜಿನ ಮೇಲೆ ಕುಕ್ಕಿದಳು. ಚಹಾದ ಲೋಟ ಉರುಳಿತು.

“ನನ್ನ ಗಂಡ ಕುಡಿದಿರಲಿಲ್ಲ ಸಾರ್. ಚಕ್ರ ಮುರಿದೇ ವ್ಯಾನು ಮಗುಚಿದ್ದು. ಬರ್ಕೊಳ್ಳಿ.”

“ಪಂಚನಾಮೆಗೆ ಮೊದಲೇ ಇದನ್ನ ಯಾಕಮ್ಮ ತಂದ್ರಿ?” ಇನ್ಸ್‌ಪೆಕ್ಟರ್ ಕೇಳಿದರು.

“ಬಿಟ್ಟಿದ್ರೆ ಗುಜರಿಯವನು ಎತ್ಕೊಂಡು ಹೋಗ್ತಿದ್ದ.”

ಬೆಳಿಗ್ಗೆ ಹತ್ತೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಪೇದೆ ತುಂಡನ್ನು ತಿರುಗಿಸಿ ನೋಡಿದ. ಅಲ್ಯೂಮಿನಿಯಂ ಮಿಶ್ರಲೋಹ. ಎಲ್ಲೂ ಬಾಗಿರಲಿಲ್ಲ, ಬಿಸ್ಕತ್ತಿನ ಹಾಗೆ ಮುರಿದಿತ್ತು. ಒಳಬದಿಯಲ್ಲಿ, ಎರಕದಲ್ಲೇ ಮೂಡಿದ ಕಾರ್ಖಾನೆಯ ಹೆಸರು, ಅದರ ಪಕ್ಕ ಬ್ಯಾಚ್ ಗುರುತು: ತ್ರಿಕೋನದೊಳಗೊಂದು ಚುಕ್ಕಿ.

“ನಮ್ಮ ಜೀಪಿಗೂ ಇದೇ ಕಾರ್ಖಾನೆಯ ಹೊಸ ಚಕ್ರ ಸಾರ್. ಮದುಮಗನ ಹಾಗೆ ಮಿಂಚ್ತಿದೆ.”

“ಗುರುತು ನೋಡಿದೀಯಾ?”

“ನೋಡ್ತೀನಿ ಸಾರ್.”

ನೋಡಲಿಲ್ಲ.

ಪ್ರಯೋಗಾಲಯದ ಮೇಡಂ ತುಂಡನ್ನು ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಿಳುಪಿನ ನಡುವೆ ಕಪ್ಪು ಸೂಜಿಗಳು, ಎತ್ತ ನೋಡಿದರೂ.

“ಕಬ್ಬಿಣ ಜಾಸ್ತಿಯಾಗಿದೆ. ಅಲ್ಯೂಮಿನಿಯಂ, ಸಿಲಿಕಾನ್ ಜೊತೆ ಕೂಡಿ, ತಣಿಯುವಾಗ ಹೀಗೆ ಸೂಜಿಯಾಗುತ್ತೆ. ಬಿರುಕು ಹುಟ್ಟೋದೇ ಇಲ್ಲಿಂದ.”

“ತಡೆಯೋಕಾಗಲ್ವಾ?” ಇನ್ಸ್‌ಪೆಕ್ಟರ್ ಕೇಳಿದರು.

“ಮ್ಯಾಂಗನೀಸ್ ಬೆರೆಸಿದ್ರೆ ಸೂಜಿ ಬದಲು ಗಂಟುಗಂಟಾಗಿ ಕೂರುತ್ತೆ. ಅಪಾಯ ಕಡಿಮೆ. ಇಲ್ಲಿ ಬೆರೆಸಿಲ್ಲ.”

“ಇದೇ ಬ್ಯಾಚಿನ ಬೇರೆ ಚಕ್ರಗಳು?”

“ಓಡೋವರೆಗೂ ಓಡ್ತವೆ.”

ವಾಪಸು ಬರುವಾಗ ಜೀಪು ಹಳ್ಳಕ್ಕೆ ಇಳಿದಾಗಲೆಲ್ಲ ಇನ್ಸ್‌ಪೆಕ್ಟರ್ ಸೀಟಿನ ಅಂಚನ್ನು ಬಿಗಿಹಿಡಿದರು.

ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ಎತ್ತಿಟ್ಟಿದ್ದ ಅದೇ ಬ್ಯಾಚಿನ ಮಾದರಿಯಲ್ಲಿ ಒಂದು ಸೂಜಿಯೂ ಸಿಗಲಿಲ್ಲ. ಮಾದರಿ ಎರೆದುಕೊಡುವವನು ಕುಲುಮೆಯ ಮೇಸ್ತ್ರಿ. ಪಂಚನಾಮೆ ಬರೆಯುವಾಗ ಪೇದೆ ಗೋಡೆ ತೋರಿಸಿದ. ಬಿಳಿ ಲೇಪ ಬಳಿದ ಕಬ್ಬಿಣದ ಸೌಟುಗಳ ಸಾಲಿನಲ್ಲಿ ಒಂದು ಕೊಕ್ಕೆ ಖಾಲಿ.

“ಅದು ಅಣ್ಣನದು. ಕಳೆದುಹೋಯ್ತಂತೆ,” ಎಂದ ಅಲ್ಲೇ ಕೆಲಸಕ್ಕಿದ್ದ ಮೇಸ್ತ್ರಿಯ ತಮ್ಮ.

“ಮಾರುದ್ದದ ಸೌಟು ಎಲ್ಲಿಗಪ್ಪಾ ಹೋಗುತ್ತೆ?”

ತಮ್ಮ ಕುಲುಮೆಯತ್ತ ನೋಡಿದ.

ಮೇಸ್ತ್ರಿ ಹೆಚ್ಚು ಹೊತ್ತು ತಡೆಯಲಿಲ್ಲ. “ಕಬ್ಬಿಣ ಕರಗದ ಹಾಗೆ ತಡೆಯೋದೇ ಆ ಲೇಪ. ಅದನ್ನ ಬಳಿಯದೆ ಸೌಟು ಅದ್ದಿ, ಅಲ್ಲೇ ಮರೆತು ಮನೆಗೆ ಹೋದೆ. ಬೆಳಿಗ್ಗೆ ಬರೀ ಹಿಡಿಕೆ ಉಳಿದಿತ್ತು. ಕಬ್ಬಿಣವೆಲ್ಲ ಒಳಗೆ ಕರಗಿತ್ತು.”

“ಮಾದರಿ?”

“ಹಿಂದಿನ ಬ್ಯಾಚಿನದು ಕೊಟ್ಟೆ.”

“ಮ್ಯಾಂಗನೀಸ್ ಹಾಕಬಹುದಿತ್ತಲ್ಲ?”

“ಉಗ್ರಾಣದಲ್ಲಿ ಕೇಳಿದ್ರೆ ಯಾಕೆ ಬೇಕು ಅಂತಿದ್ರು ಸಾರ್. ಲೇಪ ಬಳಿಯಲ್ಲ, ಕತ್ತೆ ಅಂತ ಈ ತಮ್ಮನಿಗೇ ಎಲ್ಲರೆದುರು ಬೈದವನು ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ?”

ದಸ್ತಗಿರಿಯ ಕಾಗದಕ್ಕೆ ಅವನು ಸಹಿ ಹಾಕಿದ. ಹೊರಗೆ ಪೇದೆ ಜೀಪಿನ ಬಾಗಿಲು ತೆರೆದು ನಿಂತ.

“ಹತ್ತಯ್ಯಾ. ಸ್ಟೇಷನ್ನು ದೂರ ಇದೆ.”

ಮೇಸ್ತ್ರಿ ಬಗ್ಗಿ, ಹೊಳೆಯುವ ಚಕ್ರದ ಹಿಂದೆ ಕೈ ತೂರಿಸಿದ. ಬೆರಳು ಒಂದು ಕಡೆ ನಿಂತಿತು. ತ್ರಿಕೋನದ ಮೇಲೆ ಮೆಲ್ಲಗೆ ಸರಿದು, ಚುಕ್ಕಿಯನ್ನು ಮುಟ್ಟಿತು. ಅವನು ಕೈ ಹಿಂದೆಗೆದುಕೊಂಡ.

“ನಡ್ಕೊಂಡೇ ಬರ್ತೀನಿ ಸಾರ್. ಇದಕ್ಕೆ ನಾನು ಹತ್ತಲ್ಲ.”