ಕಲ್ಲು ತಣ್ಣಗಿದೆ

"ತಿನ್ನು, ಕೆಸ್ಟೆನ್. ಒಂದೇ ಒಂದು."

ದುನ್ಯಾ ಚಿಮುಟದ ತುದಿಯಲ್ಲಿ ಮಿಡತೆಯನ್ನು ಅಲ್ಲಾಡಿಸಿದಳು. ಕ್ಯಾಲ್ಸಿಯಂ ಪುಡಿ ಮೆತ್ತಿಕೊಂಡ ಮಿಡತೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತಿತ್ತು. ಗಾಜಿನ ಪೆಟ್ಟಿಗೆಯೊಳಗೆ, ಚಪ್ಪಟೆ ಕಲ್ಲಿನ ಮೇಲೆ ಮಲಗಿದ್ದ ಚುಕ್ಕೆ ಚುಕ್ಕೆಯ ಗೆಕ್ಕೊ ಹಲ್ಲಿ ಮುಖ ತಿರುಗಿಸಿಕೊಂಡಿತು.

ಅಂಗಡಿಯಿಂದ ತಂದು ವಾರವಾಗಿತ್ತು. ಅದು ಏನನ್ನೂ ಮುಟ್ಟಿರಲಿಲ್ಲ.

"ಭಾನುವಾರದೊಳಗೆ ತಿನ್ನದಿದ್ರೆ ವಾಪಸ್ ಕೊಟ್ಟುಬರೋಣ. ಪಾಪ, ಇಲ್ಲೇ ಸತ್ತುಹೋದೀತು" ಎಂದಿದ್ದ ಅಪ್ಪ. ಇವತ್ತು ಶನಿವಾರ.

ಕೊಡುವುದಿಲ್ಲ ಎಂದು ದುನ್ಯಾ ಹಲ್ಲು ಕಚ್ಚಿದಳು.

ಅಡುಗೆಮನೆಯಲ್ಲಿ ದೆಸಾಂಕಾ ಅಜ್ಜಿ ಚಳಿಗಾಲಕ್ಕೆ ಕೂಡಿಡಲೆಂದು ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. "ಹುಳ ಕೊಟ್ರೆ ಯಾರು ತಿಂತಾರೆ? ಒಂದು ತುಂಡು ಚೀಸ್ ಹಾಕು."

"ಅದು ಚೀಸ್ ತಿನ್ನಲ್ಲ ಅಜ್ಜಿ."

"ನಮ್ಮನೆಗೆ ಬಂದು ಚೀಸ್ ಬೇಡ ಅಂದವರು ಇನ್ನೂ ಹುಟ್ಟಿಲ್ಲ."

ದುನ್ಯಾ ಹೊರಗೆ ಹೋಗಿ ಕಲ್ಲಿನ ಮೆಟ್ಟಿಲ ಮೇಲೆ ಕೂತಳು. ತಕ್ಷಣ ಕಿಟಕಿ ತೆರೆಯಿತು.

"ಏಳೇ, ಕಲ್ಲು ತಣ್ಣಗಿದೆ. ಹೊಟ್ಟೆಗೆ ಶೀತ ಹತ್ತುತ್ತೆ."

ಅಜ್ಜಿಯದು ದಿನಾ ಇದೇ ರಾಗ. ದುನ್ಯಾ ಹಟಕ್ಕೆ ಬಿದ್ದು ಕೂತೇ ಇದ್ದಳು. ಕಲ್ಲು ನಿಜವಾಗಿಯೂ ಕೊರೆಯುತ್ತಿತ್ತು.

ಏನೋ ಹೊಳೆಯಿತು. ಒಳಗೆ ಓಡಿ ಕೆಸ್ಟೆನ್‌ನ ಕಲ್ಲಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಕಲ್ಲನ್ನು ಬೆಚ್ಚಗಿಡಬೇಕಿದ್ದ, ಪೆಟ್ಟಿಗೆಯ ಅಡಿಯ ಹೀಟ್ ಮ್ಯಾಟ್ ಕೂಡ. ಅದರ ವೈರ್ ಹಿಡಿದುಕೊಂಡು ಹೋದರೆ, ಬೀರುವಿನ ಹಿಂದೆ ಪ್ಲಗ್ ಕಳಚಿ ಬಿದ್ದಿತ್ತು.

"ಅಜ್ಜಿ, ಪ್ಲಗ್ ಯಾರು ತೆಗೆದ್ರು?"

"ನಾನೇ, ಅದು ಬಂದ ದಿನಾನೇ. ಹಗಲೂ ರಾತ್ರಿ ಕರೆಂಟ್ ಇದ್ರೆ ಬೆಂಕಿ ಹತ್ತಲ್ವಾ? ಹಲ್ಲಿಗೂ ಬಿಸಿ ಹಾಸಿಗೆಯಂತೆ."

ಬಾಯಿಗೆ ಬಂದ ಕೂಗನ್ನು ದುನ್ಯಾ ನುಂಗಿಕೊಂಡಳು. "ಹೊಟ್ಟೆಯಡಿ ಬಿಸಿ ಇಲ್ಲದಿದ್ರೆ ಅದಕ್ಕೆ ತಿಂದದ್ದು ಅರಗಲ್ಲ ಅಜ್ಜಿ. ಒಂದು ವಾರದಿಂದ ತಣ್ಣನೆ ಕಲ್ಲಿನ ಮೇಲೆ ಕೂತಿದೆ."

ಅಜ್ಜಿಯ ಕೈಯಲ್ಲಿದ್ದ ಮೆಣಸಿನಕಾಯಿ ಅಲ್ಲೇ ನಿಂತಿತು.

"ತಣ್ಣನೆ ಕಲ್ಲಿನ ಮೇಲೆ? ಒಂದು ವಾರ? ಮೊದಲೇ ಹೇಳೋಕೆ ನಿನಗೇನಾಗಿತ್ತು?"

ಮಸಿ ಹತ್ತಿದ ಕೈಯಿಂದಲೇ ಬೀರು ಸರಿಸಿ, ಅಜ್ಜಿ ತಾನೇ ಪ್ಲಗ್ ಚುಚ್ಚಿದಳು. ಸಂಜೆಯವರೆಗೆ ಮೂರು ಸಲ ಬಂದು ಕಲ್ಲು ಮುಟ್ಟಿ ನೋಡಿದಳು.

ಭಾನುವಾರ ದುನ್ಯಾ ಮತ್ತೆ ಮಿಡತೆ ಹಿಡಿದಳು. ಅಪ್ಪ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ. ಕೆಸ್ಟೆನ್‌ನ ಬಾಲದ ತುದಿ ನಡುಗಿತು. ತಲೆ ಮೆಲ್ಲನೆ ಈಚೆ ತಿರುಗಿತು.

ಚಟಕ್.

"ಇನ್ನೊಂದು ಕೊಡೇ, ಹಸಿದಿದೆ" ಎಂದಳು ಅಜ್ಜಿ ಪಿಸುದನಿಯಲ್ಲಿ. ಅಪ್ಪ ಅಂಗಡಿಯ ಮಾತೆತ್ತದೆ ಕಾಫಿ ಕುಡಿದ.

ಸಂಜೆ ದುನ್ಯಾ ಮೆಟ್ಟಿಲಿಗೆ ಹೋದವಳು ತಿರುಗಿ ಬಂದು, ಒಂದು ದಿಂಬು ತೆಗೆದುಕೊಂಡು ಹೋದಳು. ಅದನ್ನು ಕಲ್ಲಿನ ಮೇಲೆ ಹಾಕಿ ಕೂತಳು.

ಹಿಂದೆ ಕಿಟಕಿ ಕಿರುಗುಟ್ಟಿತು. ಅಜ್ಜಿ ಇಣುಕಿ ದಿಂಬು ನೋಡಿದಳು; ಕಿಟಕಿ ಹಾಗೆಯೇ ಮುಚ್ಚಿಕೊಂಡಿತು.